ಹನ್ನೆರಡು ಮನೆಗಳ ನೀರು

"ಎಳೀಬ್ಯಾಡ್ರೀ...! ಅಯ್ಯೋ, ಎಳೀಬ್ಯಾಡ್ರಿ!"

ಮೊಳಕಾಲ್ಮುರಿನ ಆಸ್ಪತ್ರೆಯ ಜಗಲಿಯಲ್ಲಿ ಕೂತವರೆಲ್ಲ ತಿರುಗಿ ನೋಡುವಷ್ಟರಲ್ಲಿ, ಎರ್ರಮ್ಮ ಕುಂಟುತ್ತಲೇ ಓಡಿ ಬಂದು ಹೊಸ ಡಾಕ್ಟರ ಮುಂಗೈಯನ್ನೇ ಹಿಡಿದುಬಿಟ್ಟಿದ್ದಳು!

ಅವನ ಕೈಯಲ್ಲಿ ಇಕ್ಕಳವಿತ್ತು. ಇಕ್ಕಳದ ತುದಿಯಲ್ಲಿ, ಅವಳ ದೊಡ್ಡಪ್ಪ ಬೊಮ್ಮಯ್ಯನ ಹಿಮ್ಮಡಿಯ ಹುಣ್ಣಿನಿಂದ ಇಣುಕುತ್ತಿದ್ದ ಒಂದು ಬಿಳಿಯ ಎಳೆ.

ನೋಡುವುದಕ್ಕೆ ದಾರದಂತಿದ್ದರೂ ಅದು ಹುಳ. ಮನುಷ್ಯನ ಮಾಂಸದೊಳಗೆ ಸದ್ದಿಲ್ಲದೆ ಎರಡು ಮೊಳ ಉದ್ದ ಬೆಳೆದು, ಬೇಸಿಗೆ ಬರುತ್ತಲೇ ಚರ್ಮವನ್ನು ಸುಟ್ಟುಕೊಂಡು ಹೊರಗೆ ತಲೆ ಹಾಕುವ ಹುಳ. ಕನ್ನಡದವರು ಅದನ್ನು ನಾರು ಹುಣ್ಣು ಎನ್ನುತ್ತಿದ್ದರು. ತೆಲುಗು ಮನೆಮಾತಿನ ನೇಕಾರರು ನಾರಿ ಕುರುಪು ಎನ್ನುತ್ತಿದ್ದರು. ಉರಿ ಮಾತ್ರ ಎರಡು ಭಾಷೆಯಲ್ಲೂ ಒಂದೇ!

"ಯಾರಮ್ಮಾ ನೀನು? ಕೈ ಬಿಡು," ಎಂದ ಡಾಕ್ಟರು ಚೌಡೇಶ. ಊರಿಗೆ ಬಂದು ಮೂರೇ ದಿನವಾಗಿತ್ತು. ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು.

"ಬಿಡ್ತೀನಿ, ಮೊದ್ಲು ಇಕ್ಕಳ ಕೆಳಗಿಡ್ರಿ. ಅದು ಒಳಗೇ ತುಂಡಾದ್ರೆ ಏನಾಗ್ತೈತೆ ಗೊತ್ತೇನ್ರೀ ನಿಮಗೆ?"

"ಕಾಲು ಬಾಯುತ್ತೆ. ಕೀವಾಗುತ್ತೆ. ಓದಿದ್ದೀನಿ."

"ನೀವು ಓದೀರಿ... ನಾನು ಅನುಭವಿಸೀನಿ!"

ಹಾಗೆಂದವಳು ತಾನೇ ಬೆಚ್ಚಿ ನಾಲಿಗೆ ಕಚ್ಚಿಕೊಂಡಳು. ಸರಕಾರಿ ಡಾಕ್ಟರಿಗೆ ಎದುರು ಮಾತು! ಆದರೆ ಅವನು ಗದರಲಿಲ್ಲ. ಅವಳ ಬಲಗಾಲಿನತ್ತ ಒಮ್ಮೆ ನೋಡಿದ. ಇಕ್ಕಳ ಕೆಳಗಿಟ್ಟ. ಪಕ್ಕಕ್ಕೆ ಸರಿದು ಜಾಗ ಬಿಟ್ಟ.

"ಸರಿ. ನೀನೇ ತೆಗಿ. ನಾನು ನೋಡ್ತೀನಿ."

ಎರ್ರಮ್ಮ ಹುಣ್ಣಿನ ಮೇಲೆ ತಣ್ಣೀರು ಸುರಿದಳು. ಹುಳದ ಬಾಯಿಂದ ಹಾಲಿನಂಥ ಬಿಳಿ ನೀರು ಒಸರಿತು. ಅದು ಸಡಿಲಾಗುವವರೆಗೆ ಕಾದು, ಪೊರಕೆ ಕಡ್ಡಿಯ ಚೂರಿಗೆ ಎಳೆಯನ್ನು ಮೆಲ್ಲಗೆ ಸುತ್ತತೊಡಗಿದಳು. ಒಂದು ಸುತ್ತು. ಎರಡು. ಮೂರನೆಯದಕ್ಕೆ ಬಿಗಿಯಾಯಿತು. ಅಲ್ಲಿಗೇ ನಿಲ್ಲಿಸಿ, ಕಡ್ಡಿಯನ್ನು ಕಾಲಿಗೆ ಕಟ್ಟಿದಳು.

"ಇವತ್ತಿಗೆ ಇಷ್ಟೇ. ನಾಳೆ ಮತ್ತೆರಡು ಸುತ್ತು. ಎಂಟೊಂಬತ್ತು ದಿನಕ್ಕೆ ಪೂರಾ ಬರ್ತೈತೆ."

ಅಷ್ಟೂ ಹೊತ್ತು ಉಸಿರು ಬಿಗಿ ಹಿಡಿದಿದ್ದ ಬೊಮ್ಮಯ್ಯ ಹಲ್ಲು ಕಿರಿದ. "ನಮ್ಮ ಹುಡುಗಿ ರೇಶ್ಮೆ ಎಳೆ ಸುತ್ತಿದ ಕೈರೀ ಅದು, ಡಾಕ್ಟ್ರೇ!"

ಚೌಡೇಶ ನಗಲಿಲ್ಲ. ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ನಾಳೆನೂ ಬರ್ತೀಯಾ?" ಎಂದು ಕೇಳಿದ.

ಎರ್ರಮ್ಮನ ಎದೆಯಲ್ಲಿ ಯಾಕೋ ಮಗ್ಗದ ಲಾಳಿ ತಪ್ಪಿದ ಹಾಗಾಯಿತು...

*

ಇದು ನಡೆದದ್ದು ಸಾವಿರದ ಒಂಬೈನೂರ ಒಂಬತ್ತನೇ ಇಸವಿಯ ಬೇಸಿಗೆಯಲ್ಲಿ.

ಎರ್ರಮ್ಮ ನೇಕಾರ ಗೋವಿಂದಪ್ಪನ ಒಬ್ಬಳೇ ಮಗಳು. ಹದಿನಾಲ್ಕರ ವಯಸ್ಸಿನಲ್ಲಿ ಅವಳ ಮೊಣಕಾಲ ಸಂದಿನಲ್ಲಿ ಹುಳ ತೋರಿತ್ತು. ಊರಿಗೆ ಬಂದ ಒಬ್ಬ ನಾಟಿ ವೈದ್ಯ ಅವಸರದಲ್ಲಿ ಎಳೆದ. ತುಂಡಾಯಿತು. ಎರಡು ತಿಂಗಳು ಜ್ವರದಲ್ಲಿ ಬೆಂದವಳು ಬದುಕಿದ್ದೇ ಹೆಚ್ಚು. ಮೊಣಕಾಲು ಮಾತ್ರ ಮತ್ತೆ ಪೂರ್ತಿ ಮಡಚಲು ಬರಲಿಲ್ಲ.

ಆಮೇಲೆ ಹೆಣ್ಣು ನೋಡಲು ಬಂದವರೆಲ್ಲ ಅವಳ ಮುಖ ನೋಡಿ ಕೂತರು, ನಡಿಗೆ ನೋಡಿ ಎದ್ದರು. ಓರಗೆಯವರ ಮಡಿಲಲ್ಲಿ ಎರಡೆರಡು ಮಕ್ಕಳಿರುವಾಗ, ಇಪ್ಪತ್ತರ ಎರ್ರಮ್ಮ ಅಪ್ಪನ ಮಗ್ಗದ ಪಕ್ಕದಲ್ಲಿ ನೂಲಿನ ಕಂಡಿಕೆ ಸುತ್ತುತ್ತಾ ಉಳಿದಳು.

ಒಂಬತ್ತು ದಿನವೂ ಅವಳು ಆಸ್ಪತ್ರೆಗೆ ಹೋದಳು. ಹುಳ ಬರುತ್ತಾ ಬಂತು, ಮಾತೂ ಬಂತು. ಅವನು ಚಳ್ಳಕೆರೆಯ ದೇವಾಂಗರ ಮನೆಯವನು, ತಮ್ಮ ಕುಲದವನೇ ಎಂದು ತಿಳಿಯಿತು. ಅವನಪ್ಪನೂ ಮಗ್ಗದವನೇ. ಮೈಸೂರು ಸೀಮೆಯ ನಾಲ್ಕಾರು ಆಸ್ಪತ್ರೆ ಸುತ್ತಿ ಬಂದವನು. ಎಲ್ಲಿ ಹೋದರೂ ಒಂದು ಮರದ ಪೆಟ್ಟಿಗೆ ಜೊತೆಗೊಯ್ಯುತ್ತಿದ್ದ.

ಐದನೇ ದಿನ ಆ ಪೆಟ್ಟಿಗೆ ತೆರೆಯಿತು.

"ಬಾ, ನೋಡು," ಎಂದು ಕಿಟಕಿಯ ಬಿಸಿಲಿಗೆ ಹಿತ್ತಾಳೆ ಕೊಳವೆಯ ಭೂತಗನ್ನಡಿ ನಿಲ್ಲಿಸಿದ. "ಒಂದು ಕಣ್ಣು ಮುಚ್ಚು. ಇನ್ನೊಂದನ್ನ ಇಲ್ಲಿಡು."

ಅವಳು ಬಗ್ಗಿದಳು. ಮೊದಲು ಬರೀ ಬೆಳಕು... ಆಮೇಲೆ...

"ಅಯ್ಯಮ್ಮಾ!" ಹಿಂದಕ್ಕೆ ಹಾರಿದಳು. ಮರುಗಳಿಗೆ ಮತ್ತೆ ಬಗ್ಗಿದಳು. ಸಾವಿರಾರು ಎಳೆಮರಿಗಳು ಬಾಲ ಸುರುಳಿ ಮಾಡಿ ಬಿಚ್ಚಿ ಒದ್ದಾಡುತ್ತಿದ್ದವು.

"ಏನ್ರೀ ಇದು?"

"ನಿಮ್ಮ ದೊಡ್ಡಪ್ಪನ ಹುಣ್ಣಿಂದ ಒಸರಿದ ಬಿಳಿ ನೀರು. ಒಂದೇ ಹನಿ. ಅಷ್ಟೂ ಹುಳದ ಮರಿ."

"ಒಂದ್ ಹನಿಯಾಗೆ ಇಷ್ಟಾ?!"

ಅವನು ಗಾಜು ಬದಲಿಸಿದ. "ಇದು ನಿಮ್ಮ ಬೀದಿಯ ಮೆಟ್ಟಿಲು ಬಾವಿ ನೀರು."

ಈ ಸಲ ಒಂದೇ ಒಂದು ಜೀವಿ. ಎಳ್ಳಿನ ಆಕಾರ, ಉದ್ದ ಮೀಸೆ, ಬಾಲದ ಎರಡೂ ಬದಿಗೆ ಎರಡು ಮೊಟ್ಟೆಚೀಲ. ಜಿಗಿಯುತ್ತಾ ಈಜುತ್ತಿತ್ತು. ತಲೆಯ ನಡುವೆ...

"ಇದಕ್ಕೆ ಒಂದೇ ಕಣ್ಣು!" ಎರ್ರಮ್ಮ ಕೂಗಿದಳು.

ಅವನ ಮುಖ ಅರಳಿತು. "ಹೌದು! ಎಷ್ಟು ಬೇಗ ಕಂಡೆ! ನೋಡು, ಆಫ್ರಿಕಾದಲ್ಲಿ ಒಬ್ಬ ಸಾಹೇಬರು ಹೇಳ್ತಾರೆ, ನಾರು ಹುಳದ ಮರಿಯನ್ನ ಈ ಒಂಟಿಕಣ್ಣಿನದು ನುಂಗುತ್ತೆ, ಇದನ್ನ ನಾವು ನೀರಿನ ಜೊತೆ ಕುಡೀತೀವಿ, ಹಂಗೆ ರೋಗ ಬರುತ್ತೆ ಅಂತ. ಆದ್ರೆ ನಮ್ಮ ದೊಡ್ಡ ಡಾಕ್ಟರುಗಳು ಒಪ್ಪಲ್ಲ. ನೀರಲ್ಲಿ ಇಳಿದವರ ಕಾಲಿನ ಚರ್ಮ ತೂರಿ ಮರಿ ಒಳಗೆ ಹೋಗುತ್ತೆ ಅಂತಾರೆ. ಕಾಲಲ್ಲೇ ತಾನೇ ಬರೋದು? ನನಗೂ ಅದೇ ಸರಿ ಅನ್ಸುತ್ತೆ."

ಎರ್ರಮ್ಮ ಮನೆಗೆ ಹೋದಳು. ಕಂಡಿಕೆ ಸುತ್ತಿದಳು. ಅನ್ನ ಬಸಿದಳು. ತಲೆಯೊಳಗೆ ಮಾತ್ರ ಆ ಒಂಟಿಕಣ್ಣು ಜಿಗಿಯುತ್ತಲೇ ಇತ್ತು. 'ಕಾಲಿಂದಲೋ... ಬಾಯಿಂದಲೋ...'

ಮಾರನೇ ದಿನ ಬೆಳಗ್ಗೆ ಆಸ್ಪತ್ರೆಯ ಬಾಗಿಲು ತೆರೆಯುವ ಮುಂಚೆ ಅವಳು ಜಗಲಿಯಲ್ಲಿದ್ದಳು.

"ಡಾಕ್ಟ್ರೇ, ಒಂದ್ ಮಾತು. ಕಾಲು ಹಿಂಗಾದ ಮ್ಯಾಲೆ ಆರು ವರ್ಷದಿಂದ ನಾನು ಬಾವಿ ಮೆಟ್ಲು ಇಳಿದಿಲ್ಲ. ಇಳಿಯಾಕೇ ಬರಲ್ಲ. ಅವ್ವ ನೀರು ತರ್ತಾಳೆ, ನಾನು ಬರೀ ಕುಡೀತೀನಿ."

"ಸರಿ..."

"ಆದ್ರೂ ಹೋದ ವರ್ಷ ನನ್ನ ಪಾದದಾಗೆ ಮತ್ತೆ ಹುಳ ಬಂತು. ಇಳೀದಿದ್ದ ಕಾಲಿಗೆ ಹೆಂಗ್ರೀ ಬಂತು?"

ಚೌಡೇಶ ಕೀಲಿಕೈ ಹಿಡಿದು ನಿಂತಲ್ಲೇ ನಿಂತ. ಆಮೇಲೆ ಜಗಲಿಯ ಮೇಲೆ ಕೂತೇಬಿಟ್ಟ!

"ಎರ್ರಮ್ಮ... ಇದನ್ನ ಬೆಂಗಳೂರಲ್ಲಿ ಓದುವಾಗ ಯಾರೂ ನನ್ನ ಕೇಳಿರ್ಲಿಲ್ಲ."

ಯಾರಾದರೂ ಅವಳ ಕಾಲಿನ ಬಗ್ಗೆ ಮಾತಾಡಿದಾಗ ಅವಳಿಗೆ ಅವಮಾನವಾಗದೇ ಇದ್ದದ್ದು ಅದೇ ಮೊದಲು.

*

ಬಾಯಿಂದಲೇ ಬರುವುದಾದರೆ ಸೋಸಿದರಾಯಿತು! ಬಟ್ಟೆಯ ವಿಷಯ ಅವಳಿಗೆ ಯಾರು ಹೇಳಿಕೊಡಬೇಕು?

ಮೊದಲು ಹಳೆ ಸೀರೆಯ ತುಂಡಿನಲ್ಲಿ ಸೋಸಿದರು. ಭೂತಗನ್ನಡಿಯ ಕೆಳಗೆ ಎರಡು ಒಂಟಿಕಣ್ಣುಗಳು ಆರಾಮವಾಗಿ ಈಜುತ್ತಿದ್ದವು.

"ಉಟ್ಟು ಉಟ್ಟು ಎಳೆ ಸರಿದೈತೆ," ಎಂದಳು.

ಒತ್ತಾಗಿ ನೇಯ್ದ ಹೊಸ ಬಟ್ಟೆಯಲ್ಲಿ ಒಂದೂ ದಾಟಲಿಲ್ಲ. ಆದರೆ ಒಂದು ಕೊಡ ಸೋಸುವಷ್ಟರಲ್ಲಿ ಅರ್ಧ ಬೆಳಗು ಕಳೆಯಿತು. "ಯಾವ ಹೆಂಗಸು ಇಷ್ಟು ಹೊತ್ತು ನಿಲ್ತಾಳೆ?" ಎಂದು ನಕ್ಕಳು. ಅಪ್ಪನನ್ನು ಕಾಡಿ, ಮಗ್ಗ ಬಿಡುವಾದಾಗ ಹತ್ತಿಯ ನೂಲಿನಲ್ಲಿ ಬೇರೆ ಬೇರೆ ಒತ್ತಿನ ತುಂಡು ನೇಯಿಸಿದಳು. ಐದನೆಯ ತುಂಡು ಸರಿಹೋಯಿತು. ನೀರು ಸರಾಗ ಇಳಿಯಿತು, ಒಂಟಿಕಣ್ಣು ಮೇಲೆಯೇ ಉಳಿಯಿತು!

ಇಬ್ಬರೂ ಒಟ್ಟಿಗೇ ಗಾಜಿನತ್ತ ಬಗ್ಗಿದಾಗ ಹಣೆಗೆ ಹಣೆ ತಾಗಿತು.

"ನೋವಾಯ್ತಾ?" ಎಂದ.

ಅವಳು ತಲೆಯಾಡಿಸಿದಳು. ಮುಖ ಕೆಂಪಾಗಿತ್ತು. ಅವನದೂ...

ಬೀದಿಯಲ್ಲಿ ಮೂವತ್ತು ಮನೆ. ಹನ್ನೆರಡು ಮನೆಯವರು ಸೋಸಿ ಕುಡಿಯಲು ಒಪ್ಪಿದರು. ಉಳಿದವರು ನಕ್ಕರು. ಅವಳ ಅಜ್ಜಿ ತಿಪ್ಪಮ್ಮನಂತೂ, "ನಾರಿ ಕುರುಪು ಊರ ದೇವತೆ ಅಮ್ಮನ ಸಿಟ್ಟು ಕಣೇ. ಅಮ್ಮನ್ನ ಬಟ್ಟೆಯಾಗೆ ಸೋಸ್ತೀಯೇನೇ?" ಎಂದು ರೇಗಿದಳು. ಆದರೂ ಮೊಮ್ಮಗಳು ಕಟ್ಟಿದ ಬಟ್ಟೆಯನ್ನು ಕೊಡದ ಬಾಯಿಂದ ಬಿಚ್ಚಲಿಲ್ಲ.

"ಇವತ್ತು ಕುಡಿದ ನೀರಿನ ಹುಳ ಹೊರಗೆ ಬರೋದು ಬರೋ ಬೇಸಿಗೆಗೆ," ಎಂದ ಚೌಡೇಶ. "ಗೊತ್ತಾಗೋಕೆ ಒಂದು ವರ್ಷ ಕಾಯ್ಬೇಕು ಎರ್ರಮ್ಮ."

'ಒಂದು ವರ್ಷ ಇವರು ಇಲ್ಲೇ ಇರ್ತಾರೆ!' ಎಂದುಕೊಂಡಿತು ಹುಚ್ಚು ಮನಸ್ಸು.

*

ಒಂದು ದಿನ ಎರ್ರಮ್ಮ ಹೊಸ ಬಟ್ಟೆಗಳ ಗಂಟು ಹೊತ್ತು ಆಸ್ಪತ್ರೆಗೆ ಬಂದಾಗ ಚೌಡೇಶ ಇರಲಿಲ್ಲ. ರಾಂಪುರದ ಕಡೆ ಹೋಗಿದ್ದ. ಔಷಧಿ ಬೆರೆಸುತ್ತಿದ್ದ ಕಾಂಪೌಂಡರ್ ಜಯಣ್ಣ, "ಮೇಜಿನ ಮ್ಯಾಲಿಡಮ್ಮ," ಎಂದ.

ಮೇಜಿನ ಮೇಲೆ ಒಂದು ಪುಸ್ತಕ ತೆರೆದಿತ್ತು. ಇಂಗ್ಲಿಷ್ ಅಕ್ಷರಗಳು. ನಡುವೆ ಒಂದು ಚಿತ್ರ.

ಒಂದು ಮೊಣಕಾಲು. ಸಂದಿನ ಮೇಲೆ ನಕ್ಷತ್ರದಂಥ ಗಾಯದ ಕಲೆ.

ಅದು ತನ್ನದೇ ಕಾಲೆಂದು ಎರ್ರಮ್ಮನಿಗೆ ಗೊತ್ತಾಯಿತು. ಕಲೆ ನೋಡಬೇಕೆಂದು ಅವನು ಕೇಳಿದಾಗ, ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾಚಿಕೆಯಿಂದ ಸಾಯುತ್ತಾ ತೋರಿಸಿದ್ದಳು. ಡಾಕ್ಟರೆಂಬ ನಂಬಿಕೆಯಿಂದ. ಬರೀ ಡಾಕ್ಟರೆಂದೇ ಅಲ್ಲ...

"ಜಯಣ್ಣಾ, ಇಲ್ಲೇನು ಬರ್ದೈತೆ?"

ಜಯಣ್ಣ ಇಣುಕಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ತಡವರಿಸಿದ. "ಹದ್ನಾಲ್ಕನೇ ರೋಗಿ... ಹೆಂಗಸು, ಇಪ್ಪತ್ತು ವರ್ಷ... ಕುಂಟಿ... ಮದುವೆ ಆಗಿಲ್ಲ... ಮದ್ರಾಸಿನ ಪತ್ರಿಕೆಗೆ ಕಳ್ಸಾಕೆ ಅಂತ ಕಾಣ್ತೈತಮ್ಮ."

ಕುಂಟಿ. ಮದುವೆ ಆಗಿಲ್ಲ.

ಬೀದಿಯವರು ಹಿಂದಿನಿಂದ ಪಿಸುಗುಟ್ಟುವ ಅದೇ ಎರಡು ಮಾತು! ಈಗ ಮದ್ರಾಸಿನಲ್ಲಿ ಅಚ್ಚಾಗುತ್ತದೆ! 'ಹಂಗಾದ್ರೆ ಇಷ್ಟು ದಿನ ಅವರು ಮಾತಾಡ್ಸಿದ್ದು ನನ್ನನ್ನಲ್ಲ. ಹದ್ನಾಲ್ಕನೇ ರೋಗಿನ...'

ಜಯಣ್ಣನಿಂದ ವಿಷಯ ತಿಳಿದು ಸಂಜೆಯೇ ಚೌಡೇಶ ಅವರ ಮನೆಯ ಬಾಗಿಲಿಗೆ ಬಂದ. ಅವಳು ಹೊರಬರಲಿಲ್ಲ.

"ಅಪ್ಪಾ, ಕುಂಟಿ ಕೇಸು ಮುಗೀತಂತ ಹೇಳು," ಎಂದು ಒಳಗಿನಿಂದಲೇ ಅಂದಳು.

"ಎರ್ರಮ್ಮ, ಒಂದು ನಿಮಿಷ ಕೇಳು—"

"ನಿಮ್ಮ ಪುಸ್ತಕ ಕೇಳೀನಿ. ಸಾಕು!"

ಅವನು ಎರಡು ದಿನ ಬಂದ. ಮೂರನೇ ದಿನ ಬರಲಿಲ್ಲ. ಚಳ್ಳಕೆರೆಗೆ ವರ್ಗವಾಗಿ ತಕ್ಷಣ ಹೊರಡಬೇಕೆಂಬ ಹುಕುಂ ಬಂದಿತ್ತು. ಹೋಗುವಾಗ ಜಯಣ್ಣನ ಕೈಲಿ ಒಂದೇ ಮಾತು ಹೇಳಿ ಕಳಿಸಿದ್ದ: "ನನ್ನ ಮೇಲೆ ಸಿಟ್ಟಿರಲಿ. ಹನ್ನೆರಡು ಮನೆ ಬಿಡಬೇಡ."

*

ಅವಳು ಬಿಡಲಿಲ್ಲ.

ಅತ್ತಳು, ಹೌದು. ಆದರೆ ಅತ್ತು ಮುಗಿದ ಮೇಲೂ ಒಂದು ಪ್ರಶ್ನೆ ಉಳಿದೇ ಇತ್ತು. ಬಾಯಿಂದಲೋ, ಕಾಲಿಂದಲೋ? ಅದು ಅವನದಲ್ಲ, ಅವಳದೇ ಪ್ರಶ್ನೆ! ಅದನ್ನು ಹೇಗೆ ಬಿಡುವುದು?

ಮಳೆಗಾಲ ಕಳೆಯಿತು, ಚಳಿ ಬಂತು. ಎಂಟು ದಿನಕ್ಕೊಮ್ಮೆ ಅವಳು ಕುಂಟುತ್ತಾ ಹನ್ನೆರಡೂ ಮನೆ ಸುತ್ತಿದಳು. ಹರಿದ ಬಟ್ಟೆ ಬದಲಿಸಿದಳು. "ಇವತ್ತೊಂದಿನ ಹಂಗೇ ಕುಡುದ್ವಿ," ಎಂದವರನ್ನು ಗದರಿದಳು.

ಆ ನಡುವೆ ರಾಂಪುರದಿಂದ ಒಂದು ಸಂಬಂಧ ಬಂತು. ಹೆಂಡತಿ ಸತ್ತ ಸೀರೆ ವ್ಯಾಪಾರಿ. ಕಾಲಿನ ವಿಷಯಕ್ಕೆ ತಕರಾರಿಲ್ಲವಂತೆ. ಒಂದೇ ಷರತ್ತು, ಹುಡುಗಿ ಮನೆಮನೆ ತಿರುಗಿ ಕಂಡವರ ಹುಣ್ಣು ನೋಡುವುದನ್ನು ಬಿಡಬೇಕು.

ಗೋವಿಂದಪ್ಪ ಮಗಳ ಮುಖ ನೋಡಿದ. "ಏನಂತೀಯಮ್ಮಾಯಿ?"

"ಬೇಸಿಗೆ ಬರ್ಲಿ ಅಪ್ಪ. ನನಗೆ ಉತ್ತರ ಬೇಕು."

"ನಾನು ಮದುವೆ ವಿಷ್ಯ ಕೇಳ್ತಿದ್ದೀನಿ."

"ನಾನೂ ಅದನ್ನೇ ಹೇಳ್ತಿದ್ದೀನಿ," ಎಂದುಬಿಟ್ಟಳು. ಮನಸ್ಸು ಆಗಲೇ ಚಳ್ಳಕೆರೆಯಲ್ಲಿದೆಯೆಂದು ಹೇಳಿದ ಮೇಲೆ ಅವಳಿಗೇ ಅರ್ಥವಾಯಿತು. ಕಣ್ಣು ತುಂಬಿತು. ಅಪ್ಪ ಮತ್ತೆ ಕೇಳಲಿಲ್ಲ. ರಾಂಪುರದವರಿಗೆ ಆಗುವುದಿಲ್ಲವೆಂದು ಹೇಳಿ ಕಳಿಸಿದ.

ಬೇಸಿಗೆ ಬಂತು. ಊರಲ್ಲಿ ಹುಣ್ಣುಗಳು ಬಾಯಿ ಬಿಟ್ಟವು. ಬಟ್ಟೆ ಬೇಡವೆಂದ ಹದಿನೆಂಟು ಮನೆಗಳಲ್ಲಿ ಹದಿನೇಳು ಜನ ಮಲಗಿದರು. ಹೋದ ವರ್ಷ ಹದಿನಾರು.

ಸೋಸಿ ಕುಡಿದ ಹನ್ನೆರಡು ಮನೆಗಳಲ್ಲಿ ಹೋದ ವರ್ಷ ಹನ್ನೊಂದು ಜನ ಮಲಗಿದ್ದರು. ಈ ವರ್ಷ... ಒಬ್ಬಳು.

ಆ ಒಬ್ಬಳೂ ಹೋದ ಬೇಸಿಗೆಯಲ್ಲಿ ಬಾಣಂತನಕ್ಕೆಂದು ಮೂರು ತಿಂಗಳು ತವರಿನಲ್ಲಿದ್ದು ಸೋಸದ ನೀರು ಕುಡಿದವಳು!

ಎರ್ರಮ್ಮ ಬಾವಿಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ನಕ್ಕಳು. ನಕ್ಕು ನಕ್ಕು ಸುತ್ತ ನೋಡಿದಳು. ಹೇಳಿಕೊಳ್ಳಲು ಯಾರೂ ಇಲ್ಲ. ಇದನ್ನು ಕೇಳಿದರೆ ಅವಳಷ್ಟೇ ಸಂತೋಷಪಡುವ ಜೀವ ಈ ಭೂಮಿಯ ಮೇಲೆ ಒಂದೇ ಒಂದಿತ್ತು.

"ಅಪ್ಪಾ, ಚಳ್ಳಕೆರೆಗೆ ಸೀರೆ ಒಯ್ಯೋದು ಯಾವಾಗ?"

"ನಾಡಿದ್ದು."

"ಗಾಡಿಯಾಗೆ ನನಗೂ ಜಾಗ ಮಾಡು."

*

ಚಳ್ಳಕೆರೆಯ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತು ರೋಗಿಗಳೆಲ್ಲ ಹೋಗಿದ್ದರು. ಬಾಗಿಲಲ್ಲಿ ನೆರಳು ಬಿದ್ದಾಗ ಚೌಡೇಶ ತಲೆಯೆತ್ತಿದ. ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು.

ಎರಡು ದಿನ ಗಾಡಿಯಲ್ಲಿ ಕೂತು ಅವಳು ಎಷ್ಟೋ ಮಾತು ಜೋಡಿಸಿಕೊಂಡಿದ್ದಳು. ಬಾಯಿಂದ ಬಂದದ್ದು ಮಾತ್ರ, "ಒಬ್ಬಳೇ! ಹನ್ನೆರಡು ಮನೆಗೆ ಒಬ್ಬಳೇ ರೀ! ಅವಳೂ ತವರಿಗೆ ಹೋದವಳು!"

"ನಿಜವಾಗ್ಲೂ...?" ಅವನು ಒಂದು ಹೆಜ್ಜೆ ಮುಂದೆ ಬಂದ. "ಉಳಿದ ಮನೆಗಳು?"

"ಹದ್ನೇಳು."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ತೆಗೆದಾಗ ಕಣ್ಣು ಒದ್ದೆಯಾಗಿತ್ತು. ಬಾಗಿಲ ಹೊರಗೆ ನಿಂತಿದ್ದ ಗೋವಿಂದಪ್ಪ ಕೆಮ್ಮಿ, ಎತ್ತುಗಳಿಗೆ ನೀರು ಕುಡಿಸುವ ನೆಪದಲ್ಲಿ ಗಾಡಿಯತ್ತ ನಡೆದ.

"ಪತ್ರಿಕೆಯಾಗೆ ನನ್ನ ಕಾಲು ಬಂತೇನ್ರಿ?" ಎಂದು ಕೇಳಿದಳು ಎರ್ರಮ್ಮ. ಒಂದು ವರ್ಷದ ನೋವೆಲ್ಲ ಆ ಒಂದು ಮಾತಿನಲ್ಲಿತ್ತು.

ಅವನು ಮೇಜಿನ ಖಾನೆ ಎಳೆದು ಕಾಗದದ ಕಟ್ಟು ಹೊರತೆಗೆದ.

"ಕಳಿಸ್ಲಿಲ್ಲ."

"ಯಾಕೆ?"

"ನಿನ್ನ ಕೇಳದೆ ಬರ್ದದ್ದು ತಪ್ಪು. ಆಸ್ಪತ್ರೇಲಿ ಹಂಗೇ ಬರೀತಾರೆ, ವಯಸ್ಸು, ಹೆಣ್ಣೋ ಗಂಡೋ, ಕುಂಟೋ ಕುರುಡೋ ಅಂತ. ಕೈ ಅದಕ್ಕೆ ಒಗ್ಗಿಹೋಗಿತ್ತು. ಅದನ್ನ ನಿನ್ನ ಬಾಯಿಂದ ಕೇಳಿದ ಮೇಲೆ ನನಗೇ ಅಸಹ್ಯ ಆಯ್ತು. ನೀನು ಹೂಂ ಅನ್ನೋ ತನಕ ಕಳಿಸಬಾರ್ದು ಅಂದ್ಕೊಂಡೆ."

"ಬೇರೆ ಯಾರಾದ್ರೂ ಮೊದ್ಲೇ ಬರ್ದಿದ್ರೆ?"

"ಬರೀಲಿ."

ಅವಳು ಆ ಕಾಗದಗಳನ್ನೇ ನೋಡಿದಳು. ಹೆಸರು ಮಾಡಬೇಕೆಂದು ನಾಲ್ಕೂರು ಭೂತಗನ್ನಡಿ ಹೊತ್ತು ತಿರುಗಿದ ಮನುಷ್ಯ ವರ್ಷವಿಡೀ ಆ ಕಟ್ಟನ್ನು ಖಾನೆಯಲ್ಲಿಟ್ಟು ಕೂತಿದ್ದನೇ? ಅವಳ ಒಂದು ಹೂಂಗಾಗಿ?

"ಜಯಣ್ಣ ಓದಿದ್ದು ಒಂದು ಪುಟ," ಎಂದ ಮೆಲ್ಲಗೆ. "ಮುಂದಿನದನ್ನ ನಾನು ಓದ್ಲಾ?"

ಅವಳು ತಲೆಯಾಡಿಸಿದಳು. ಅವನು ಇಂಗ್ಲಿಷನ್ನು ಕನ್ನಡ ಮಾಡುತ್ತಾ ಓದಿದ:

"ಕಾಲಿನಿಂದ ರೋಗ ಬರುತ್ತದೆಂದು ನಾನೂ ನಂಬಿದ್ದೆ. ಅದು ತಪ್ಪೆಂದು ತೋರಿಸಿದ್ದು ಮೊಳಕಾಲ್ಮುರಿನ ನೇಕಾರ ಗೋವಿಂದಪ್ಪನವರ ಮಗಳು ಎರ್ರಮ್ಮ. ಆಕೆ ಓದಿದವಳಲ್ಲ. ಆದರೆ ನಾನು ಕಂಡ ವೈದ್ಯರಲ್ಲಿ ಆಕೆಯಷ್ಟು ಚೆನ್ನಾಗಿ ನೋಡಬಲ್ಲವರು ಯಾರೂ ಇಲ್ಲ."

ಎರ್ರಮ್ಮನ ಕೆನ್ನೆಯ ಮೇಲೆ ಹನಿ ಉರುಳಿತು. ಒರೆಸಿಕೊಳ್ಳಲಿಲ್ಲ.

"ಕಳ್ಸ್ರಿ," ಎಂದಳು. "ಕುಂಟಿ ಅಂತಾನೂ ಇರ್ಲಿ. ಇಳಿಯಾಕೆ ಬರದ ಕಾಲು ಅಂತ್ಲೇ ಅಲ್ವಾ ಉತ್ತರ ಸಿಕ್ಕಿದ್ದು? ಆದ್ರೆ ಹದ್ನಾಲ್ಕನೇ ರೋಗಿ ಅನ್ಬ್ಯಾಡ್ರಿ."

"ಇಲ್ಲ. ಹೆಸರು ಬರೀತೀನಿ." ಅವನು ತಡೆದ. "ಮದುವೆ ಆಗಿಲ್ಲ ಅಂತ ಇದೆಯಲ್ಲ... ಅದನ್ನ ಏನು ಮಾಡ್ಲಿ?"

ಅವಳು ಥಟ್ಟನೆ ತಲೆಯೆತ್ತಿದಳು.

"ಎರ್ರಮ್ಮ, ಈ ವರ್ಷ ಪೂರ್ತಿ, ಏನೇ ಹೊಸದು ಕಂಡ್ರೂ 'ಇದನ್ನ ಅವಳು ನೋಡಿದ್ರೆ ಏನಂತಿದ್ಲು' ಅಂತ್ಲೇ ಅನ್ಕೊಂಡೆ. ಇನ್ನು ನನ್ನ ಕೈಲಿ ಆಗಲ್ಲ... ನಿಮ್ಮಪ್ಪನ್ನ ಕೇಳ್ಲಾ?"

ಎದೆ ಹೊಡೆದುಕೊಳ್ಳುವ ಸದ್ದು ಅವನಿಗೂ ಕೇಳುತ್ತಿದೆಯೇನೋ ಅನಿಸಿತು ಅವಳಿಗೆ. ನಾಚಿಕೆಯ ನಡುವೆಯೂ ನಗು ಉಕ್ಕಿತು.

"ಅಪ್ಪ ಆಗ್ಲೇ ನಿಮ್ಮ ಮನೆ ಬೆಡಗು ಯಾವ್ದು ಅಂತ ದಾರಿಯಾಗೆ ಸಿಕ್ಕ ಸಿಕ್ಕ ದೇವಾಂಗರನ್ನೆಲ್ಲ ಕೇಳ್ಕೊಂಡೇ ಬಂದಾನೆ."

ಬೆಡಗು ಕೇಳುವುದೆಂದರೆ ಅವರಲ್ಲಿ ಸಂಬಂಧಕ್ಕೆ ಕೂಡುತ್ತದೆಯೇ ಎಂದು ನೋಡುವುದು. ಚೌಡೇಶನಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

"ಕೂಡುತ್ತಂತಾ?" ಎಂದು ಉಸಿರು ಬಿಗಿಹಿಡಿದು ಕೇಳಿದ.

"ಕೂಡ್ತೈತಂತೆ..."

ಅವನು ಮೇಜನ್ನು ಸುತ್ತಿ ಬಂದು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಆಮೇಲೆ ಅವಳ ಹುಬ್ಬು ಸಣ್ಣಗೆ ಗಂಟಿಕ್ಕಿತು.

"ಏನಾಯ್ತು?" ಎಂದು ಗಾಬರಿಯಾದ.

"ಅಲ್ರೀ... ಕುಡಿದದ್ದು ಹೊಟ್ಟೆಗೆ ತಾನೇ ಹೋಗೋದು? ಮತ್ತೆ ಅದು ಅಷ್ಟು ದೂರ ಇಳಿದು ಕಾಲಾಗೇ ಯಾಕೆ ಬರ್ತೈತೆ? ಅದಕ್ಕೆ ದಾರಿ ಯಾರು ಹೇಳ್ಕೊಟ್ರು?"

"ಗೊತ್ತಿಲ್ಲ."

"ನಿಮಗೂ?"

"ಯಾರಿಗೂ ಗೊತ್ತಿಲ್ಲ ಎರ್ರಮ್ಮ."

ಅವಳ ಕಣ್ಣುಗಳು ಹೊಳೆದವು. "ಹಂಗಾದ್ರೆ ನೋಡಾಣೇನ್ರೀ?"

"ಇಬ್ರೂ?"

"ಇಬ್ರೂ."